ಸ್ಟ್ರಾ, ಸುಣ್ಣದ ತಿಳಿ, ಸ್ಟಾಪ್‌ವಾಚ್: ಮೂರನೇ ಭಾನುವಾರ

ಸುಣ್ಣದ ತಿಳಿನೀರಿಗೆ ಸ್ಟ್ರಾದಲ್ಲಿ ಊದಿ, ಯಾವ ಬಗೆಯ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚು ಹೊರಬರುತ್ತದೆ ಅಂತ ನೋಡುವ ನನ್ನ ಪ್ರಯೋಗ ಅಂತೂ ಇವತ್ತು ಕೂಡಿಬಂತು. ಹೋದ ವಾರ ಲೋಟದ ನೀರು ಹಾಲಿನ ಹಾಗೆ ಬೆಳ್ಳಗಾಗಿ, ಊದುತ್ತಾ ಊದುತ್ತಾ ಮತ್ತೆ ತಿಳಿಯಾಗಿಬಿಟ್ಟಿತ್ತು. ಸುಣ್ಣವೇ ಸರಿಯಿಲ್ಲ ಅಂತ ಬೈದುಕೊಂಡಿದ್ದೆ. ತಪ್ಪು ನನ್ನದೇ. ಉಸಿರಿನ ಕಾರ್ಬನ್ ಡೈಆಕ್ಸೈಡ್ ಸುಣ್ಣದ ನೀರಿಗೆ ಸೇರಿದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಬಿಳಿ ಬರುತ್ತದೆ. ಅಲ್ಲಿಗೆ ನಿಲ್ಲಿಸದಿದ್ದರೆ ಅದೇ ಬೈಕಾರ್ಬೊನೇಟ್ ಆಗಿ ಕರಗುತ್ತದೆ. ನಾನು ಸುಮ್ನೆ ಊದುತ್ತಲೇ ಇದ್ದೆ.

ಈ ಸಲ ಎಲೆಅಡಿಕೆ ಸುಣ್ಣವನ್ನು ರಾತ್ರಿಯೇ ಕದಡಿಟ್ಟು, ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡೆ. ಲೋಟದ ಅಡಿಯ ಕಾಗದದಲ್ಲಿ ಒಂದು ಇಂಟು ಗುರುತು. ಅದು ಕಾಣದಾದ ಕೂಡಲೇ ಗಡಿಯಾರ ನಿಲ್ಲಿಸುವುದು. (ಮಕ್ಕಳು ಮಾಡುವುದಾದರೆ ಸ್ಟ್ರಾದಲ್ಲಿ ಊದಬೇಕು, ಹೀರಬಾರದು. ಸುಣ್ಣ ಬಾಯಿ ಸುಡುತ್ತದೆ.)

ಮಾಮೂಲಿ ಉಸಿರು, ನಿಮಿಷಕ್ಕೆ 12: ಗುರುತು 50 ಸೆಕೆಂಡಿಗೆ ಮಾಯ. ಆಮೇಲೆ ನಿಮಿಷಕ್ಕೆ 24, ಆದರೆ ಅರ್ಧರ್ಧ ಉಸಿರು: 80 ಸೆಕೆಂಡ್! ಊದಿದ ಗಾಳಿ ಎರಡರಲ್ಲೂ ನಿಮಿಷಕ್ಕೆ 6 ಲೀಟರ್ ಅಂತಿಟ್ಟುಕೊಳ್ಳಿ. ಮತ್ತೆ ಯಾಕೆ ಹೀಗೆ?

ದೊಡ್ಡವರ ಮಾಮೂಲಿ ಉಸಿರು ಸುಮಾರು 500 ಮಿಲಿ. ಅದರಲ್ಲಿ 150 ಮಿಲಿಯಷ್ಟು ಮೂಗು, ಗಂಟಲು, ಶ್ವಾಸನಾಳದಲ್ಲೇ ಉಳಿದು ಹಾಗೇ ವಾಪಸ್ ಬರುತ್ತದೆ. ಅಲ್ಲಿ ರಕ್ತದ ಜೊತೆ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಕೊಡುಕೊಳ್ಳುವ ವ್ಯವಹಾರವೇ ಇಲ್ಲ. ಶ್ವಾಸಕೋಶದ ಗಾಳಿಗೂಡುಗಳನ್ನು ಮುಟ್ಟುವುದು 350 ಮಿಲಿ, 12 ಸಲಕ್ಕೆ 4.2 ಲೀಟರ್. 250 ಮಿಲಿಯ ಪುಟ್ಟ ಉಸಿರೂ ಆ 150ರ ಸುಂಕ ಪೂರ್ತಿ ಕಟ್ಟಬೇಕು. ಉಳಿದ 100 ಮಿಲಿ, 24 ಸಲಕ್ಕೆ ಬರೀ 2.4 ಲೀಟರ್. ಲೆಕ್ಕದ ಪ್ರಕಾರ 1.75 ಪಟ್ಟು ವ್ಯತ್ಯಾಸ. ನನಗೆ ಸಿಕ್ಕಿದ್ದು 1.6. ಅರ್ಧ ಉಸಿರನ್ನು ಅಂದಾಜಿನ ಮೇಲೆ ಊದಿದವನಿಗೆ ಇದೇ ಜಾಸ್ತಿ, ಅಲ್ವಾ?

ಕೊನೆಗೆ ಬೆರಳಿಗೆ ಆಕ್ಸಿಮೀಟರ್ (ರಕ್ತದ ಆಕ್ಸಿಜನ್ ಶೇಕಡಾ ಎಷ್ಟು ಅಂತ ತೋರಿಸುವ ಸಾಧನ) ಸಿಕ್ಕಿಸಿ ಬೇಗ ಬೇಗ, ಆಳವಾಗಿ ಉಸಿರಾಡಿದೆ. 97 ಇದ್ದದ್ದು 98 ಆಯಿತು, ಅಷ್ಟೇ. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ ಮೊದಲೇ ತುಂಬಿಕೊಂಡಿರುತ್ತದೆ, ಇನ್ನೆಲ್ಲಿ ತುರುಕುವುದು? ಆದರೆ ಕಾರ್ಬನ್ ಡೈಆಕ್ಸೈಡ್ ಮಾತ್ರ ಸರಸರ ಹೊರಗೆ ಹೋಗುತ್ತದೆ. ಅದು ಕಡಿಮೆಯಾದರೆ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ಅರ್ಧ ನಿಮಿಷಕ್ಕೇ ತಲೆ ತೇಲಿದಂತಾಯಿತು, ಬೆರಳ ತುದಿ ಜುಮುಜುಮು. ನಿಲ್ಲಿಸಿ ಕೂತುಬಿಟ್ಟೆ. ಇದನ್ನು ಮತ್ತೆ ಮಾಡುವುದಿಲ್ಲ.

ಮುಂದಿನ ವಾರ ಅಂದಾಜು ಬಿಟ್ಟು ಅಳತೆ. 5 ಲೀಟರ್ ಎಣ್ಣೆ ಕ್ಯಾನಿಗೆ ಗೆರೆ ಎಳೆದಿದ್ದೇನೆ. ನೀರು ತುಂಬಿಸಿ ಬಕೆಟ್‌ನಲ್ಲಿ ಬೋರಲು ಹಾಕಿ, ಕೊಳವೆಯಲ್ಲಿ ಊದಿ, ಎಷ್ಟು ನೀರು ಕೆಳಗಿಳಿಯಿತು ಅಂತ ನೋಡುವುದು. ಎರಡು ಸಲ ಸೀಗೆಪುಡಿ ಹಾಕಿ ತೊಳೆದರೂ ಕ್ಯಾನಿನ ಜಿಡ್ಡು ಹೋಗಿಲ್ಲ.