ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲು: ಅರ್ಜಿಗೆ ಮುಂಚೆ ಮೋಟರ್ ಎಣಿಸಿ

ಶೇಂಗಾ ಮಿಲ್ಲಿಗೆ ಜಾಗ ನೋಡಿದ ತಕ್ಷಣ ಶೆಡ್ಡಿಗೆ ಪಾಯ ತೆಗೆಯಬೇಡಿ. ಪಹಣಿಯಲ್ಲಿ ಕೃಷಿ ಜಮೀನು ಅಂತಿದ್ದರೆ ಮೊದಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು, ಅಂದರೆ ಕೃಷಿ ಜಮೀನನ್ನು ಬೇರೆ ಬಳಕೆಗೆ ಪರಿವರ್ತಿಸುವ ನಿಯಮ, ನೋಡಬೇಕು. ಪರಿವರ್ತನೆಯ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಸಣ್ಣದರಲ್ಲೇ: ಆಧಾರ್‌ನಲ್ಲಿ ಒಂದು ಹೆಸರು, ಪಹಣಿಯಲ್ಲಿ ಇನ್ನೊಂದು, ಇಲ್ಲವೇ ಅಣ್ಣತಮ್ಮಂದಿರ ಪೋಡಿ (ಜಮೀನು ಅಳೆದು ಪಾಲು ಬೇರೆ ಮಾಡುವುದು) ಆಗಿರುವುದಿಲ್ಲ.

ಆಮೇಲೆ ಕರೆಂಟಿಗೆ ಬೆಸ್ಕಾಂ. ಎಣ್ಣೆ ಹಿಂಡುವ ಎಕ್ಸ್‌ಪೆಲ್ಲರ್ 20 ಎಚ್‌ಪಿ, ಸಿಪ್ಪೆ ಬಿಡಿಸುವ ಯಂತ್ರ 5, ಎಣ್ಣೆ ಸೋಸುವ ಫಿಲ್ಟರ್ ಪ್ರೆಸ್ಸಿನ ಪಂಪು 2, ಕಾಳು ಮೇಲೆತ್ತುವ ಎಲಿವೇಟರ್ 1 ಅಂದುಕೊಳ್ಳಿ. ಒಟ್ಟು 28. ಅದನ್ನು 0.746ರಿಂದ ಗುಣಿಸಿದರೆ ಸುಮಾರು 21 ಕಿಲೋವ್ಯಾಟ್. ಡಿಪಾಜಿಟ್ಟು ಉಳಿಯಲಿ ಅಂತ 15 ಬರೆಸುವವರಿದ್ದಾರೆ. ಇದು ಶುದ್ಧ ದಡ್ಡತನ. ಮೀಟರು ಸುಳ್ಳು ಹೇಳಲ್ಲ, ಹೆಚ್ಚುವರಿ ಲೋಡಿಗೆ ದಂಡ ಬೀಳುತ್ತೆ. ಹತ್ತಿರದ ಟಿಸಿಯಲ್ಲಿ (ಟ್ರಾನ್ಸ್‌ಫಾರ್ಮರ್) ಅಷ್ಟು ಲೋಡು ಖಾಲಿ ಇದೆಯೇ ಅನ್ನೋದನ್ನೂ ಮೊದಲೇ ಕೇಳಿ.

ಮಾಲಿನ್ಯ ಮಂಡಳಿಗೆ ಕೊಡುವ ನಕ್ಷೆಯಲ್ಲಿ ಸಿಪ್ಪೆ ಕೋಣೆ ಕಾಣಲೇಬೇಕು. ಶೇಂಗಾ ಸಿಪ್ಪೆ ಹಗುರ. ಜಾಲರಿ ಕಿಟಕಿ ಇಟ್ಟರೆ ಪಕ್ಕದ ಮನೆ ಮಾಳಿಗೆ ಮೇಲಿನ ಹಪ್ಪಳಕ್ಕೆ ಅಂಟಿರುತ್ತೆ, ತಕರಾರು ಅಲ್ಲಿಂದಲೇ ಶುರು. ಗಾಳಿ ದಿಕ್ಕು ನಂಬಬೇಡಿ: ಮುಂಗಾರಲ್ಲಿ ಪಡುವಣ, ಚಳಿಗಾಲದಲ್ಲಿ ಮೂಡಣ. ನಾಲ್ಕೂ ಕಡೆ ಗೋಡೆ ಕಟ್ಟಿ, ಬ್ಲೋವರ್ ಪೈಪಿನ ತುದಿಗೆ ಗಾಳಿಯಿಂದ ಸಿಪ್ಪೆ, ದೂಳು ಬೇರ್ಪಡಿಸುವ ಸೈಕ್ಲೋನ್ ಕೂರಿಸಿ.

ಟ್ರೇಡ್ ಲೈಸೆನ್ಸು, ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ, ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಯಲ್ಲಿ ಅಂಥ ತಲೆನೋವಿಲ್ಲ. ವಿಳಾಸ ಮಾತ್ರ ಎಲ್ಲದರಲ್ಲೂ ಒಂದೇ ಥರ ಬರೆಸಿ.