ತಾಳಮದ್ದಳೆ ವಿಡಿಯೊ: ಮಿಕ್ಸ್ ಮುಗಿದು ಎಕ್ಸ್‌ಪೋರ್ಟ್‌ವರೆಗೆ

ಮುಂಬಯಿಯ ಮಾಟುಂಗಾದಲ್ಲಿ ಚಿತ್ರೀಕರಿಸಿದ ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನ) ಎಡಿಟಿಂಗ್ ಮುಗಿದಿದೆ. ಅವಧಿ 2 ಗಂಟೆ 40 ನಿಮಿಷ, ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್. ಆಡಿಯೊ ಟ್ರ್ಯಾಕ್ ನಾಲ್ಕು: ಭಾಗವತರು (ಪದ್ಯ ಹಾಡುವವರು), ಚೆಂಡೆ-ಮದ್ದಳೆ, ಅರ್ಥಧಾರಿಗಳ (ಪದ್ಯದ ಮೇಲೆ 'ಅರ್ಥ' ಎಂಬ ಮಾತು ಬೆಳೆಸುವವರು) ಮೈಕು, ಚಪ್ಪಾಳೆಗೆಂದು ಕ್ಯಾಮೆರಾದ ಧ್ವನಿ.

ಸಿಂಕ್, ಅಂದರೆ ಚಿತ್ರಕ್ಕೂ ಧ್ವನಿಗೂ ಹೊಂದಿಕೆ. ಮೈಕುಗಳ ರೆಕಾರ್ಡರ್, ಕ್ಯಾಮೆರಾ ಎರಡರಲ್ಲೂ 48 ಕಿಲೊಹರ್ಟ್ಸ್ (ಸೆಕೆಂಡಿಗೆ 48 ಸಾವಿರ ಧ್ವನಿ ಮಾದರಿ) ಎಂದೇ ಇದ್ದರೂ ಒಳಗಿನ ಗಡಿಯಾರಗಳು ಬೇರೆ ಬೇರೆ. ಮೊದಲ ಚೆಂಡೆ ಪೆಟ್ಟಿಗೆ ಕೂಡಿಸಿದ ಧ್ವನಿ ಕೊನೆಯ ಮಂಗಳದ ಹೊತ್ತಿಗೆ 5 ಫ್ರೇಮ್ ಹಿಂದೆ ಬಿದ್ದಿತ್ತು. ಸೆಕೆಂಡಿಗೆ 25 ಫ್ರೇಮಿನ ಲೆಕ್ಕದಲ್ಲಿ ಅದು 200 ಮಿಲಿಸೆಕೆಂಡ್. 9600 ಸೆಕೆಂಡಿಗೆ ಹಂಚಿದರೆ ಲಕ್ಷಕ್ಕೆ ಎರಡು ಪಾಲು. ಇಷ್ಟಕ್ಕೆ ಇಡೀ ಧ್ವನಿಯನ್ನು ಎಳೆದು ಕುಗ್ಗಿಸುವುದು ಬೇಡ. ಅರ್ಥ ಮುಗಿದು ಪದ್ಯ ಎತ್ತುವ ಮುಂಚಿನ ಮೌನದಲ್ಲಿ, ಐದು ಕಡೆ, ರೆಕಾರ್ಡರಿನ ಮೂರೂ ಟ್ರ್ಯಾಕಿನಿಂದ ಒಂದೊಂದು ಫ್ರೇಮ್ ಕತ್ತರಿಸಿ, ಸೇರುವಲ್ಲಿ ಸಣ್ಣ ಕ್ರಾಸ್‌ಫೇಡ್ (ಒಂದು ತಗ್ಗುತ್ತ ಇನ್ನೊಂದು ಏರುವ ಬೆಸುಗೆ) ಕೊಟ್ಟರೆ ಸಾಕು. ಮೌನವಿಲ್ಲದ ಕಡೆ ಕತ್ತರಿಸಿದರೆ ತಾಳ ಎಡವುತ್ತದೆ, ಅದು ಕೇಳುಗರಿಗೆ ತಕ್ಷಣ ಗೊತ್ತಾಗುತ್ತದೆ.

ಕ್ಯಾಮೆರಾ ವೇದಿಕೆಯಿಂದ 12 ಮೀಟರ್ ದೂರದಲ್ಲಿತ್ತು. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು, ಅಂದರೆ ಅಲ್ಲಿಗೆ ಮಾತು ತಲುಪುವುದು 35 ಮಿಲಿಸೆಕೆಂಡ್ ತಡವಾಗಿ. ಹತ್ತಿರದ ಮೈಕಿನ ಜೊತೆ ಬೆರೆಸಿದಾಗ ಮಾತು ಬಾವಿಯೊಳಗಿಂದ ಬಂದಂತೆ ಕೇಳಿಸಿತು. ಹಾಗಾಗಿ ಆ ಟ್ರ್ಯಾಕ್ ಚಪ್ಪಾಳೆಯಲ್ಲಿ ಮಾತ್ರ ತೆರೆಯುತ್ತದೆ.

ಮಿಕ್ಸ್. ಇಲ್ಲಿ ಅರ್ಥವೇ ಜೀವ. ಲೋಕಲ್ ರೈಲಿನಲ್ಲಿ ಇಯರ್‌ಫೋನ್ ಹಾಕಿಕೊಂಡವರಿಗೂ ಕೊನೆಯ ಅಕ್ಷರ ಕೇಳಬೇಕು. ಅರ್ಥಧಾರಿಗಳ ಟ್ರ್ಯಾಕಿಗೆ 80 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದಾಗ ಫ್ಯಾನಿನ ಗುಂಯ್ ತಗ್ಗಿತು. ಮದ್ದಳೆಗೆ ಈ ಫಿಲ್ಟರ್ ಹಾಕಿಲ್ಲ. ಅದರ ಎಡಗೈ ನಾದ ಸೊರಗುತ್ತದೆ. ಒಟ್ಟು ಧ್ವನಿ ಮೈನಸ್ 14 ಲಫ್ಸ್‌ನಲ್ಲಿದೆ (ಲಫ್ಸ್ ಎಂದರೆ ಕಿವಿಗೆ ಕೇಳಿಸುವ ಸರಾಸರಿ ಜೋರಿನ ಅಳತೆ). ಎಲ್ಲ ಟ್ರ್ಯಾಕೂ ಬಂದು ಕೂಡುವ ದಾರಿಗೆ 'ಬಸ್' ಎಂದು ಹೆಸರು. ಆ ಬಸ್ಸಿನ ಲಿಮಿಟರ್, ಅಂದರೆ ಧ್ವನಿ ಮಿತಿ ದಾಟದಂತೆ ತಡೆಯುವ ಸಾಧನ, ಮೈನಸ್ 1 ಡೆಸಿಬೆಲ್ ಟ್ರೂ ಪೀಕ್‌ಗೆ (ಅಲೆಯ ನಿಜವಾದ ತುದಿಗೆ) ನಿಂತಿದೆ. ಯೂಟ್ಯೂಬ್ ಮೈನಸ್ 14ಕ್ಕಿಂತ ಜೋರಿದ್ದರೆ ತಗ್ಗಿಸುತ್ತದೆ, ಮೆಲ್ಲಗಿದ್ದರೆ ಏರಿಸುವುದಿಲ್ಲ. ಎಎಸಿ ಎಂಬ ಕುಗ್ಗಿಸಿದ ಧ್ವನಿ ರೂಪಕ್ಕೆ ಒತ್ತುವಾಗ ಚೆಂಡೆಯ ಪೆಟ್ಟು ಮೂಲಕ್ಕಿಂತ ಸ್ವಲ್ಪ ಮೇಲೆ ಹಾರುವುದರಿಂದ ಆ 1 ಡೆಸಿಬೆಲ್ ಜಾಗ ಬಿಡಲೇಬೇಕು.

ಮೊದಲ ಎಕ್ಸ್‌ಪೋರ್ಟ್. ಚಿತ್ರ ಸರಿ, ಧ್ವನಿಯಲ್ಲಿ ಭಾಗವತರೊಬ್ಬರೇ! ರಿಸಾಲ್ವಿನಲ್ಲಿ ಫೈಲ್ ಹೊರತೆಗೆಯುವ ಡೆಲಿವರ್ ಪುಟದ ಆಡಿಯೊ ಟ್ಯಾಬಿನಲ್ಲಿ ಔಟ್‌ಪುಟ್ ಟ್ರ್ಯಾಕ್ 'ಟೈಮ್‌ಲೈನ್ ಟ್ರ್ಯಾಕ್ 1' ಎಂದಿತ್ತು. ಹಾಗಿದ್ದರೆ ಆ ಒಂದು ಟ್ರ್ಯಾಕ್ ಮಾತ್ರ ಹೋಗುತ್ತದೆ, ಬಸ್ಸಿನ ಲಿಮಿಟರೂ ತಪ್ಪುತ್ತದೆ. 'ಬಸ್ 1' ಆಯ್ದ ಮೇಲೆ ಎಲ್ಲ ಟ್ರ್ಯಾಕೂ ಬಂದವು, ಆದರೆ ಅರ್ಥ ಎಡಗಿವಿಯಲ್ಲಷ್ಟೇ. ಮೊನೊ (ಒಂದೇ ಚಾನೆಲ್ಲಿನ) ಕ್ಲಿಪ್ ಸ್ಟೀರಿಯೊ (ಎಡ-ಬಲ ಎರಡು ಚಾನೆಲ್ಲಿನ) ಟ್ರ್ಯಾಕಿನಲ್ಲಿ ಕೂತಿತ್ತು. ಟ್ರ್ಯಾಕ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ಬಗೆಯನ್ನು ಮೊನೊ ಎಂದು ಬದಲಿಸಿದಾಗ ಸರಿಹೋಯಿತು.

ಇಡೀ ಫೈಲ್ ತೆಗೆಯುವ ಮೊದಲು ಇನ್, ಔಟ್ ಗುರುತಿಟ್ಟು 2 ನಿಮಿಷದ ತುಂಡು ತೆಗೆಯುವುದು ಒಳ್ಳೆಯದು. ಚೆಂಡೆ ಏರಿ ನಿಂತು, ತಕ್ಷಣ ಮೆಲುದನಿಯ ಅರ್ಥ ಶುರುವಾಗುವ ಜಾಗವನ್ನೇ ಆರಿಸಿ. ಹೆಡ್‌ಫೋನಿನಲ್ಲಿ ಒಮ್ಮೆ, ಫೋನಿನ ಸ್ಪೀಕರಿನಲ್ಲಿ ಒಮ್ಮೆ ಕೇಳಿ.

ಎರಡನೆಯ ಎಕ್ಸ್‌ಪೋರ್ಟ್. ಎಂಪಿ4, ಎಚ್.264, 1920×1080, 25 ಫ್ರೇಮ್, 12000 ಕೆಬಿಪಿಎಸ್ (ಸೆಕೆಂಡಿಗೆ ಕಿಲೊಬಿಟ್), ಎಎಸಿ 320. ಗಾತ್ರ ಸುಮಾರು 14.8 ಜಿಬಿ. ಅಪ್‌ಲೋಡಿಗೆ ಇದೇ.

ಮನೆಯ ಟಿವಿಗೆ ಪೆನ್‌ಡ್ರೈವಿನಲ್ಲಿ ಬೇಕೆನ್ನುವ ಹಿರಿಯರಿಗೆ ಇದು ಆಗದು. ಹಳೆಯ ಟಿವಿಗಳಲ್ಲಿ ಹಲವು ಎಫ್‌ಎಟಿ32 ಎಂಬ ಫಾರ್ಮ್ಯಾಟಿನ ಪೆನ್‌ಡ್ರೈವ್ ಮಾತ್ರ ಓದುತ್ತವೆ, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ. ಕೂತು ಮಾತಾಡುವ ಕಲೆಯಾದ್ದರಿಂದ ಚಿತ್ರದಲ್ಲಿ ಚಲನೆ ಕಡಿಮೆ. 1280×720, 3000 ಕೆಬಿಪಿಎಸ್, ಎಎಸಿ 192 ಸಾಕು. ಫೈಲ್ 3.8 ಜಿಬಿಗೆ ನಿಲ್ಲುತ್ತದೆ. ಆ ಪ್ರತಿ ಈಗ ರೆಂಡರ್ ಸಾಲಿನಲ್ಲಿದೆ.