ಬಿಳಿ ಬೇಸ್ ಗಿಟಾರ್ ಕೆಲಸ: ಬಣ್ಣ ಮುಗಿಯಿತು, ಕ್ಲಿಯರ್ ಬಾಕಿ

ಕಳೆದ ಸಲ ಬರೆದಾಗ ನನ್ನ ಬೇಸ್, ಅಂದರೆ ತಗ್ಗಿನ ಸ್ವರದ ಗಿಟಾರ್, ಇನ್ನೂ ಬರೀ ಮರವಾಗಿತ್ತು. ಹಳೆಯ ಸನ್‌ಬರ್ಸ್ಟ್ (ನಡುವೆ ತಿಳಿ, ಅಂಚಿಗೆ ಹೋದಂತೆ ಗಾಢ) ಬಣ್ಣವನ್ನು ಹೀಟ್ ಗನ್‌ನಿಂದ ಎಬ್ಬಿಸಿ, ಉಜ್ಜಿ, ಸೀಲರ್ ಹೊಡೆದು ಇಟ್ಟಿದ್ದೆ. ಈಗ ಅದು ಪೂರ್ತಿ ಬಿಳಿ. ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಲೇಪ, ಅಂದರೆ ಕ್ಲಿಯರ್ ಕೋಟ್ ಮಾತ್ರ ಉಳಿದಿದೆ. ನಿಜವಾದ ತಲೆಬಿಸಿ ಶುರುವಾಗುವುದೂ ಅಲ್ಲಿಂದಲೇ.

ಸನ್‌ಬರ್ಸ್ಟ್ ಚೆನ್ನಾಗೇ ಇತ್ತಲ್ವಾ, ಯಾಕೆ ಬಿಳಿ ಅಂತ ಸ್ನೇಹಿತರು ಕೇಳುತ್ತಾರೆ. ಚೆನ್ನಾಗೇನೋ ಇತ್ತು. ಆದರೆ ಅದರಲ್ಲಿ ಅಂಚು ಕಪ್ಪು. ಮಂದ ಬೆಳಕಿನಲ್ಲಿ ಬೇಸ್‌ನ ಆಕಾರವೇ ಮಾಯವಾಗುತ್ತದೆ. ಬಿಳಿಯಲ್ಲಿ ಎರಡು ಕೊಂಬು, ಸೊಂಟದ ತಿರುವು, ಮೊಳಕೈ ಇಡುವ ಇಳಿಜಾರು ಎಲ್ಲ ಎದ್ದು ಕಾಣುತ್ತವೆ. ಬೇಸ್ ನುಡಿಸುವವರನ್ನು ಹೇಗೂ ಡ್ರಮ್ಸ್ ಪಕ್ಕದ ಕತ್ತಲೆಗೆ ತಳ್ಳಿರುತ್ತಾರೆ. ಕೈಯಲ್ಲಿ ಬಿಳಿ ಬೇಸ್ ಇದ್ದರೆ ಕೆಂಪು ಲೈಟ್ ಬಿದ್ದಾಗ ಕೆಂಪಾಗಿ, ನೀಲಿ ಬಿದ್ದಾಗ ನೀಲಿಯಾಗಿ ಅಷ್ಟಾದರೂ ಕಾಣುತ್ತಾರೆ. 1970ರ ದಶಕದ ಪಂಕ್ ಬ್ಯಾಂಡ್‌ಗಳ ಫೋಟೊ ನೋಡಿ. ಬೇಸ್ ನುಡಿಸುತ್ತಿದ್ದ ಸಿಡ್ ವಿಷಸ್, ಡೀ ಡೀ ರಮೋನ್, ಪಾಲ್ ಸಿಮೊನನ್ ಮೂವರ ಹೆಗಲಿಗೂ ಪ್ರಿಸಿಷನ್ ಅನ್ನುವ ಮಾದರಿಯ ಬಿಳಿ ಬೇಸ್. ಸಿಮೊನನ್ 1979ರಲ್ಲಿ ನ್ಯೂಯಾರ್ಕ್‌ನ ವೇದಿಕೆಯ ಮೇಲೆ ತನ್ನದನ್ನು ನೆಲಕ್ಕೆ ಬಡಿದು ಮುರಿದ. ಅದರ ಚೂರುಗಳು ಲಂಡನ್ನಿನ ಮ್ಯೂಸಿಯಂ ಸೇರಿವೆ.

ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್ 1951ರಲ್ಲಿ ಬಂದಾಗ ಅದರ ಬಣ್ಣ ಬ್ಲಾಂಡ್. ಅದು ಪೂರ್ತಿ ಬಿಳಿಯಲ್ಲ. ಆ್ಯಶ್ ಮರದ ಗೆರೆಗಳು ಕಾಣುವಷ್ಟು ತೆಳುವಾದ, ಹಾಲಿಗೆ ನೀರು ಬೆರೆಸಿದಂಥ ಬಣ್ಣ. ಮರವನ್ನು ಪೂರ್ತಿ ಮುಚ್ಚುವ ಬಿಳಿ ಆಮೇಲೆ ಬಂತು. ಲಿಯೊ ಫೆಂಡರ್ ಅವರ ಕಾರ್ಖಾನೆ ಇದ್ದದ್ದು ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ. ಬೇರೆ ಬಣ್ಣ ಬೇಕು ಅಂದವರಿಗೆ ಅವರು ಡ್ಯುಪಾಂಟ್ ಕಂಪನಿಯ ಕಾರಿನ ಬಣ್ಣವನ್ನೇ ಹೊಡೆದು ಕೊಡುತ್ತಿದ್ದರು. ಅದಕ್ಕೆ ಬೆಲೆಯ ಮೇಲೆ ಶೇ 5ರಷ್ಟು ಜಾಸ್ತಿ. ಹೆಸರಾದ ಒಲಿಂಪಿಕ್ ವೈಟ್ ಕೂಡ ಕ್ಯಾಡಿಲಾಕ್ ಕಾರಿನ ಬಣ್ಣವೇ. ಹಾಗಾಗಿ ನಾನು ಬಣ್ಣಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಕಾರ್ ಪೇಂಟ್ ಅಂಗಡಿಗೆ ಹೋದದ್ದರಲ್ಲಿ ವಿಚಿತ್ರವೇನಿಲ್ಲ. ಅಂಗಡಿಯವರಿಗೆ ಮಾತ್ರ ಗಿಟಾರಿಗೆ ಅಂದ ಕೂಡಲೇ ನಗು ಬಂತು.

ಹಳೆಯ ಒಲಿಂಪಿಕ್ ವೈಟ್ ಬೇಸ್ ಒಂದನ್ನು ಇವತ್ತು ನೋಡಿದರೆ ಅದು ಬಿಳಿಯಾಗಿರುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ವರ್ಷಗಟ್ಟಲೆ ಮಡಚಿಟ್ಟ ರೇಷ್ಮೆ ಪಂಚೆಯ ಬಣ್ಣಕ್ಕೆ ತಿರುಗಿರುತ್ತದೆ. ಬಿಳಿ ಬಣ್ಣ ಅಷ್ಟಾಗಿ ಕೆಡುವುದಿಲ್ಲ, ಹಳದಿಯಾಗುವುದು ಅದರ ಮೇಲಿನ ನೈಟ್ರೊಸೆಲ್ಯುಲೋಸ್ ಕ್ಲಿಯರ್ ಲ್ಯಾಕರ್. ಬೆಳಕು, ಅದರಲ್ಲೂ ಅಲ್ಟ್ರಾವೈಲೆಟ್, ತಾಗಿದಷ್ಟೂ ಅದು ಹಳದಿಗೆ ತಿರುಗುತ್ತದೆ. ಸನ್‌ಬರ್ಸ್ಟ್ ಮೇಲೂ ಇದೇ ಆಗುತ್ತದೆ, ಆದರೆ ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನೀಲಿಯ ಮೇಲೆ ಆದರೆ ಬೇಸ್ ಹಸಿರಾಗುತ್ತದೆ. ಬಿಳಿಯ ಮೇಲೆ ಮಾತ್ರ ಆ ಹಳದಿ ಹಳದಿಯಾಗೇ ಕಾಣುತ್ತದೆ. ತಂತಿಗಳ ಕೆಳಗೆ ಮೈಗೆ ಗೀರು ಬೀಳದಂತೆ ಹಾಕುವ ತಗಡು, ಅಂದರೆ ಪಿಕ್‌ಗಾರ್ಡ್ ಬಿಚ್ಚಿದರೆ ಕೆಳಗೆ ಇನ್ನೂ ಬಿಳಿ. ಮೊಳಕೈ ಉಜ್ಜಿ ಲ್ಯಾಕರ್ ಸವೆದ ಜಾಗದಲ್ಲೂ ಬಿಳಿ. ನನಗೆ ಹುಚ್ಚು ಹಿಡಿಸಿದ್ದು ಇದೇ. ಯಾರು ಎಷ್ಟು ನುಡಿಸಿದ್ದಾರೆ, ಎಲ್ಲಿ ಕೈ ಇಟ್ಟಿದ್ದಾರೆ ಎಲ್ಲ ಮೇಲೇ ಬರೆದಿರುತ್ತದೆ.

ಅದಕ್ಕೇ ಹೊಸ ಬೇಸ್‌ಗಳಿಗೆ ಕಾರ್ಖಾನೆಯಲ್ಲೇ ಕೆನೆ ಬಣ್ಣ ಹೊಡೆದು ವಿಂಟೇಜ್ ವೈಟ್ ಅಂತ ಮಾರುವುದು ನನಗೆ ಅಷ್ಟು ಹಿಡಿಸುವುದಿಲ್ಲ. ನೋಡಲು ಚೆಂದವೇ. ಆದರೆ ಎಲ್ಲ ಕಡೆ ಒಂದೇ ಸಮ ಹಳದಿ. ಮೇಲೆ ಗಟ್ಟಿ ಪಾಲಿ (ಪ್ಲಾಸ್ಟಿಕ್ ಥರದ) ಕೋಟ್ ಇದ್ದರೆ ಅಲ್ಲಿಂದ ಮುಂದೆ ಹೆಚ್ಚೇನೂ ಬದಲಾಗುವುದಿಲ್ಲ.

ಕ್ಲಿಯರ್‌ಗೆ ಅಂಬರ್, ಅಂದರೆ ಜೇನಿನಂಥ ಹಳದಿ ಬಣ್ಣ ಬೆರೆಸಬೇಕಾ ಬೇಡವಾ ಅನ್ನುವುದೇ ಪ್ರಶ್ನೆಯಾಗಿತ್ತು. ಮರದ ತುಂಡುಗಳ ಮೇಲೆ ಹೊಡೆದು ನೋಡಿದೆ. ಅಂಬರ್ ಹಾಕಿದ್ದು ಟ್ಯೂಬ್‌ಲೈಟ್ ಕೆಳಗೆ ಸೊಗಸು, ಬಿಸಿಲಿಗೆ ತಂದರೆ ಬೀಡಿ ಹೊಗೆ ಹಿಡಿದ ಗೋಡೆ. ಅಂಬರ್ ಬೇಡ ಅಂತ ತೀರ್ಮಾನವಾಯಿತು. ಅದರ ಬದಲು ಬಿಳಿಯನ್ನೇ ಸ್ವಲ್ಪ ಬೆಚ್ಚಗೆ ಮಾಡಿಸಿದ್ದೇನೆ. ಒಂದಿಷ್ಟೇ ಹಳದಿ, ಅದಕ್ಕಿಂತ ಕಮ್ಮಿ ಕಪ್ಪು. ಫ್ರಿಜ್ ಥರದ ಬಿಳಿ ಆಗಬಾರದು, ಅಷ್ಟೇ. ಮಿಕ್ಕ ಹಳದಿ ತಾನಾಗಿ ಬರಲಿ.

ಕ್ಲಿಯರ್ ಏನೂ ದುಬಾರಿ ವಸ್ತುವಲ್ಲ. ಬಡಗಿಗಳು ಬಾಗಿಲಿಗೆ, ಮಂಚಕ್ಕೆ ಹೊಡೆಯುವ ಎನ್‌ಸಿ ಲ್ಯಾಕರ್ ನೈಟ್ರೊಸೆಲ್ಯುಲೋಸೇ. ಒಂದು ಕೋಟ್ ಮೇಲೆ ಇನ್ನೊಂದು ಹೊಡೆದರೆ ಕೆಳಗಿನದು ಸ್ವಲ್ಪ ಕರಗಿ ಎರಡೂ ಒಂದಾಗುತ್ತವೆ. ಮುಂದೆ ಗೀರು ಬಿದ್ದರೆ ಸರಿಮಾಡುವುದೂ ಸುಲಭ. ಇದರ ಶತ್ರು ಮಳೆಗಾಲ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅಲ್ಲೇ ಕೂತು ಲ್ಯಾಕರ್ ಮಂಜಿನಂತೆ ಮಸುಕಾಗುತ್ತದೆ. ರಿಟಾರ್ಡರ್ ಅನ್ನುವ ದ್ರಾವಕ ಬೆರೆಸಿದರೆ ನಿಧಾನವಾಗಿ ಆರುತ್ತದೆ, ಮಸುಕು ಕಮ್ಮಿ. ಆದರೂ ಬೆಂಗಳೂರಲ್ಲಿ ಈಗಿನ ಜಿಟಿಜಿಟಿ ನಿಲ್ಲುವವರೆಗೆ ಸ್ಪ್ರೇ ಗನ್ ಮುಟ್ಟುವುದಿಲ್ಲ. ಇನ್ನೊಂದು ಮಾತು: ಇದು ಬೆಂಕಿಗೆ ತಕ್ಷಣ ಹತ್ತುತ್ತದೆ, ವಾಸನೆಯೂ ಒಳ್ಳೆಯದಲ್ಲ. ತೆರೆದ ಜಾಗ, ಕಾರ್ಟ್ರಿಜ್ ಇರುವ ಮಾಸ್ಕ್ ಎರಡೂ ಬೇಕೇ ಬೇಕು. ಬಟ್ಟೆಯ ಮಾಸ್ಕ್ ಸಾಲದು.

ಪಿಕ್‌ಗಾರ್ಡ್ ಆಮೆಚಿಪ್ಪಿನ ಬಣ್ಣದ್ದು, ಕೆಂಪು ಬೆರೆತ ಕಂದು. ಸಿಡ್ ಥರ ಕಪ್ಪು ಹಾಕಿದರೆ ಬಿಳಿ ಜಾಸ್ತಿ ಗದರುತ್ತದೆ. ಈ ಕಂದು ಬಣ್ಣ ಫಿಂಗರ್‌ಬೋರ್ಡ್ (ಬೆರಳಿಟ್ಟು ತಂತಿ ಒತ್ತುವ ಪಟ್ಟಿ) ಜೊತೆಗೂ ಹೊಂದುತ್ತದೆ. ಅದು ಇಂಡಿಯನ್ ರೋಸ್‌ವುಡ್, ಅಂದರೆ ನಮ್ಮ ಮಲೆನಾಡಿನ ಕಾಡುಗಳಲ್ಲೂ ಬೆಳೆಯುವ ಬೀಟೆ ಮರ.

ಕ್ಲಿಯರ್ ಹೊಡೆದ ಮೇಲೆ ಕೆಲವು ವಾರ ಸುಮ್ನೆ ನೇತುಹಾಕಬೇಕು. ಆಮೇಲೆ 1000, 1500, 2000 ನಂಬರಿನ ವಾಟರ್ ಪೇಪರ್, ಕೊನೆಗೆ ರಬ್ಬಿಂಗ್ ಕಾಂಪೌಂಡ್. ಅಲ್ಲಿಯವರೆಗೆ ವೈರಿಂಗ್ ನೋಡಿಕೊಳ್ಳುತ್ತೇನೆ. ವಾಲ್ಯೂಮ್, ಟೋನ್ ಗುಂಡಿಗಳ ಕೆಳಗೆ ಕೂರುವ 250ಕೆ ಪಾಟ್‌ಗಳು ಬಂದಿವೆ. ಟೋನ್‌ಗೆ 1960ರ ದಶಕದ ಶುರುವಿನಂತೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕುವುದೋ, ನಂತರದ 0.047 ಹಾಕುವುದೋ ಇನ್ನೂ ತೀರ್ಮಾನಿಸಿಲ್ಲ. ಎರಡೂ ತಂದಿಟ್ಟಿದ್ದೇನೆ. ಕ್ಲಿಪ್ ಸಿಕ್ಕಿಸಿ ಕೇಳಿ ನೋಡಿದ ಮೇಲೆ ಬೆಸುಗೆ.